ಹವಳದ ದ್ವೀಪದಲ್ಲಿ ನೀರಿನ ಪಾಠ



ಹೊಳೆಯಿಲ್ಲದ, ಬೆಟ್ಟವಿಲ್ಲದ, ಹತ್ತು ನಿಮಿಷ ಯಾವ ಕಡೆಗೆ ನಡೆದರೂ ಸಮುದ್ರವೇ ಎದುರಾಗುವ ಊರೊಂದನ್ನು ಊಹಿಸಿಕೊಳ್ಳಿ. ಅರಬ್ಬೀ ಸಮುದ್ರದ ಲಕ್ಷದ್ವೀಪದಲ್ಲಿ ಅಂತಹ ಊರುಗಳಿವೆ. ಎಲ್ಲ ದ್ವೀಪಗಳನ್ನು ಸೇರಿಸಿದರೂ ಅಲ್ಲಿನ ನೆಲ ಸುಮಾರು 32 ಚದರ ಕಿಲೋಮೀಟರ್ ಮಾತ್ರ. 2011ರ ಜನಗಣತಿಯ ಪ್ರಕಾರ ಅಲ್ಲಿನ ಜನಸಂಖ್ಯೆ 64 ಸಾವಿರಕ್ಕೂ ಹೆಚ್ಚು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತಕ್ಕೆ ಸೇರಿದ್ದವು ಎಂಬುದು ನಿಮ್ಮಲ್ಲಿ ಅನೇಕರಿಗೆ ಹೊಸ ಸಂಗತಿಯಾಗಿರಬಹುದು.

ಇಷ್ಟು ಪುಟ್ಟ ನೆಲದಲ್ಲಿ ಬಾವಿ ತೋಡಿದರೆ ಸಿಹಿನೀರು ಸಿಗುತ್ತದೆ. ಸುತ್ತಲೂ ಉಪ್ಪುನೀರಿರುವಾಗ ಇದು ಹೇಗೆ ಸಾಧ್ಯ?

ತೇಲುವ ಸಿಹಿನೀರು

ಹವಳದ ಮರಳು ಮಳೆನೀರನ್ನು ಬೇಗನೆ ಹೀರಿಕೊಳ್ಳುತ್ತದೆ. ಸಿಹಿನೀರು ಸಮುದ್ರದ ನೀರಿಗಿಂತ ಹಗುರ. ಆದುದರಿಂದ ನೆಲದೊಳಗೆ ಅದು ಉಪ್ಪುನೀರಿನ ಮೇಲೆ ಮಸೂರದ ಆಕಾರದಲ್ಲಿ ತೇಲುತ್ತದೆ. ಗೈಬೆನ್ ಮತ್ತು ಹರ್ಟ್ಸ್‌ಬರ್ಗ್ ಎಂಬ ಇಬ್ಬರು ತಜ್ಞರು ಬೇರೆ ಬೇರೆಯಾಗಿ ಕಂಡುಕೊಂಡ ಲೆಕ್ಕದಂತೆ, ಸಮುದ್ರಮಟ್ಟಕ್ಕಿಂತ 10 ಸೆಂಟಿಮೀಟರ್ ಮೇಲೆ ಸಿಹಿನೀರು ನಿಂತಿದ್ದರೆ, ಅದರ ಕೆಳಗೆ ಸುಮಾರು 4 ಮೀಟರ್ ಆಳದವರೆಗೆ ಸಿಹಿನೀರು ಇರಬಹುದು. ವಾಸ್ತವದಲ್ಲಿ ಎರಡೂ ನೀರು ಬೆರೆಯುವುದರಿಂದ ಈ ಪದರ ಇನ್ನೂ ತೆಳುವಾಗಿರುತ್ತದೆ.

ಅಪಾಯವೂ ಇದೇ ಲೆಕ್ಕದಲ್ಲಿ ಅಡಗಿದೆ. ಕೊಡದಿಂದ ಸೇದಿದಾಗ ಬಾವಿಯ ಮಟ್ಟ ಅಲ್ಪ ಇಳಿದು ಮತ್ತೆ ತುಂಬುತ್ತದೆ. ಪಂಪು ಹಾಕಿ ಒಂದೇ ಸಮನೆ ಎಳೆದರೆ ಮೇಲಿನ ಮಟ್ಟ ಇಳಿಯುತ್ತದೆ. ಕೆಳಗಿನ ಉಪ್ಪುನೀರು ಅದಕ್ಕಿಂತ ಬಹಳ ಹೆಚ್ಚಾಗಿ ಮೇಲೇರುತ್ತದೆ. ಒಮ್ಮೆ ಉಪ್ಪಾದ ಬಾವಿ ಸಿಹಿಯಾಗಲು ಮಳೆಗಾಲದವರೆಗೆ, ಕೆಲವೊಮ್ಮೆ ವರ್ಷಗಳವರೆಗೂ ಕಾಯಬೇಕಾಗುತ್ತದೆ. ಒಂದು ಮನೆಯವರ ಆತುರ ನೆರೆಮನೆಯ ಬಾವಿಯನ್ನೂ ಕೆಡಿಸಬಹುದು. ಶೌಚಗುಂಡಿಯ ಕೊಳೆಯೂ ಈ ಮರಳಿನಲ್ಲಿ ಸುಲಭವಾಗಿ ಬಾವಿಗೆ ಇಳಿಯುತ್ತದೆ.

ಮಾಡಿ ನೋಡಿ

ಕಣ್ಣಿಗೆ ಕಾಣದ ಈ ಸಂಗತಿಯನ್ನು ಮಕ್ಕಳಿಗೆ ಕಲಿಸುವುದು ಹೇಗೆ? ಗಾಜಿನ ಲೋಟದಲ್ಲಿ ಅರ್ಧದಷ್ಟು ಉಪ್ಪುನೀರು ತೆಗೆದುಕೊಂಡು ಬೀಟ್‌ರೂಟ್ ರಸದಿಂದ ಕೆಂಪಾಗಿಸಿ. ಅದರ ಮೇಲೆ ಚಮಚದ ಬೆನ್ನಿನ ಮೂಲಕ ಕುಡಿಯುವ ನೀರನ್ನು ನಿಧಾನವಾಗಿ ಸುರಿಯಿರಿ. ತಿಳಿನೀರು ಮೇಲೆ ನಿಲ್ಲುತ್ತದೆ. ಒಂದು ಹೀರುಕೊಳವೆಯ ತುದಿಯನ್ನು ಕೆಂಪು ಪದರಕ್ಕಿಂತ ಸ್ವಲ್ಪ ಮೇಲಿರಿಸಿ ಮೆಲ್ಲಗೆ ಹೀರಿ. ಬಳಿಕ ಜೋರಾಗಿ ಹೀರಿ. ವ್ಯತ್ಯಾಸವನ್ನು ನಿಮ್ಮ ನಾಲಿಗೆಯೇ ಹೇಳುತ್ತದೆ. ಪಂಪಿನ ಬಗ್ಗೆ ಗಂಟೆಗಟ್ಟಲೆ ಉಪದೇಶ ಮಾಡುವುದಕ್ಕಿಂತ ಈ ಒಂದು ಗುಟುಕು ಹೆಚ್ಚು ಕಲಿಸುತ್ತದೆ.

ಸೂರಿನ ಲೆಕ್ಕ

ಬಾವಿಯ ಮೇಲಿನ ಭಾರ ಇಳಿಸುವ ದಾರಿ ನಮ್ಮ ತಲೆಯ ಮೇಲೆಯೇ ಇದೆ. ಲಕ್ಷದ್ವೀಪದಲ್ಲಿ ವರ್ಷಕ್ಕೆ ಸುಮಾರು 1,500 ಮಿಲಿಮೀಟರ್ ಮಳೆಯಾಗುತ್ತದೆ. 40 ಚದರ ಮೀಟರ್ ಸೂರಿನ ಮೇಲೆ ಬೀಳುವ ನೀರು 60,000 ಲೀಟರ್. ಐದರಲ್ಲಿ ಒಂದು ಪಾಲು ನಷ್ಟವಾದರೂ 48,000 ಲೀಟರ್ ಉಳಿಯಿತು.

ಇನ್ನು ಖರ್ಚು ನೋಡೋಣ. ಐದು ಜನರ ಮನೆಯಲ್ಲಿ ಕುಡಿಯಲು, ಅಡುಗೆಗೆ ತಲಾ 10 ಲೀಟರ್ ಎಂದರೆ ದಿನಕ್ಕೆ 50 ಲೀಟರ್. ಜನವರಿಯಿಂದ ಏಪ್ರಿಲ್‌ವರೆಗಿನ 120 ಒಣ ದಿನಗಳಿಗೆ 6,000 ಲೀಟರ್ ಸಾಕು. ಎರಡು ಮೀಟರ್ ಉದ್ದ, ಎರಡು ಮೀಟರ್ ಅಗಲ, ಒಂದೂವರೆ ಮೀಟರ್ ಎತ್ತರದ ತೊಟ್ಟಿ ಇಷ್ಟನ್ನು ಹಿಡಿಯುತ್ತದೆ. ಮೊದಲ ಮಳೆಯ ನೀರನ್ನು ಹೊರಬಿಡಬೇಕು. ಸೂರಿನ ದೂಳು, ಹಕ್ಕಿಯ ಹಿಕ್ಕೆ ಅದರೊಂದಿಗೆ ಹೋಗಲಿ. ಸೊಳ್ಳೆ ನುಗ್ಗದಂತೆ ಮುಚ್ಚಳ, ಬಲೆ ಇರಲಿ.

ತೊಟ್ಟಿ ಕಟ್ಟಿದರೆ ಕೆಲಸ ಮುಗಿಯಿತೇ? ಇಲ್ಲ. ಬೇಸಿಗೆಯ ನಡುವೆ ಬರಿದಾದ ತೊಟ್ಟಿಯಿಂದ ಏನು ಪ್ರಯೋಜನ? ಗುರುತು ಹಾಕಿದ ಕೋಲೊಂದನ್ನು ಶಾಲೆಯ ತೊಟ್ಟಿಯಲ್ಲಿ ವಾರಕ್ಕೊಮ್ಮೆ ಇಳಿಸಿ, ಉಳಿದ ನೀರನ್ನೂ ಉಳಿದ ದಿನಗಳನ್ನೂ ಹಲಗೆಯ ಮೇಲೆ ಮಕ್ಕಳೇ ಬರೆಯಲಿ. ಶಾಲೆಯಲ್ಲಿ ಅಳೆಯಲು ಕಲಿತ ಮಗು ಮನೆಯಲ್ಲೂ ಅಳೆಯುತ್ತದೆ.

ಯಂತ್ರಗಳ ನೆರವೂ ಉಂಟು. ಕವರತ್ತಿಯಲ್ಲಿ 2005ರಲ್ಲಿ ಸಮುದ್ರದ ನೀರನ್ನು ಸಿಹಿ ಮಾಡುವ, ದಿನಕ್ಕೆ ಒಂದು ಲಕ್ಷ ಲೀಟರ್ ಸಾಮರ್ಥ್ಯದ ಘಟಕ ಆರಂಭವಾಯಿತು. ಆದರೆ ಯಂತ್ರಕ್ಕೆ ವಿದ್ಯುತ್ ಬೇಕು, ದುರಸ್ತಿ ಬೇಕು. ಸೂರಿನ ಮೇಲೆ ಸುರಿಯುವ ಮಳೆಗೆ ಅವು ಬೇಡ.

ಈ ಪಾಠ ದ್ವೀಪಕ್ಕಷ್ಟೇ ಸೀಮಿತವಲ್ಲ. ನಮ್ಮ ಕರಾವಳಿಯಲ್ಲೂ ಕಡಲು, ಅಳಿವೆಗಳ ಹತ್ತಿರದ ಬಾವಿಗಳು ಬೇಸಿಗೆಯಲ್ಲಿ ಉಪ್ಪಾಗುವುದುಂಟು. ನಿಮ್ಮ ಮನೆಯ ಸೂರನ್ನು ಇಂದೇ ಅಳೆಯಿರಿ. ಅದರ ಮೇಲೆ ಬಿದ್ದು ಹರಿದುಹೋಗುವ ನೀರೆಷ್ಟು? ಉತ್ತರವನ್ನು ತರಗತಿಯಲ್ಲಿ ಚರ್ಚಿಸಿ.