ಹಳೆಯ ಟ್ರಾಕ್ಟರಿಗೆ ಹೊಸ ರೇಡಿಯೇಟರ್: ಆಯ್ಕೆ ಹೇಗೆ?

ಬೇಸಿಗೆಯಲ್ಲಿ ಪಂಚನಹಳ್ಳಿಯ ಕಡೆ ಓಡಾಡಿದವರಿಗೆ ಈ ನೋಟ ಹೊಸದಲ್ಲ. ತೆಂಗಿನ ತೋಟದ ಅಂಚಿನಲ್ಲಿ ಟ್ರಾಕ್ಟರೊಂದು ನಿಂತಿರುತ್ತದೆ. ಬಾನೆಟ್ ತೆರೆದಿದೆ, ಹಬೆ ಏಳುತ್ತಿದೆ. ಚಾಲಕ ಪಕ್ಕದಲ್ಲಿ ಕೊಡ ಇಟ್ಟುಕೊಂಡು ಎಂಜಿನ್ ತಣಿಯಲೆಂದು ಕಾಯುತ್ತಿದ್ದಾನೆ. ಅಲ್ಲಿನ ನನ್ನ ಬಂಧುವೊಬ್ಬರ ಟ್ರಾಕ್ಟರಿನದೂ ಇದೇ ಕಥೆಯಾಗಿತ್ತು. ಅದು 25 ಅಶ್ವಶಕ್ತಿಯ ಹಳೆಯ ಎಚ್ಎಂಟಿ. ಚೆಕೊಸ್ಲೊವಾಕಿಯದ ಝೆಟರ್ ಸಹಯೋಗದಲ್ಲಿ 1971ರಲ್ಲಿ ಹರಿಯಾಣದ ಪಿಂಜೋರಿನಲ್ಲಿ ಆರಂಭವಾದ ಈ ತಯಾರಿಕೆಯನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ತೀರ್ಮಾನಿಸಿತು. ಆದ್ದರಿಂದ ಇಂಥ ಟ್ರಾಕ್ಟರಿನ ಒಡೆಯರು ಪೇಟೆಯಲ್ಲಿ 'ಇದಕ್ಕೂ ಕೂರುತ್ತದೆ' ಎಂದು ಕೊಟ್ಟದ್ದನ್ನೇ ತರಬೇಕಾಗುತ್ತದೆ. ಕೂರುವುದು ಬೇರೆ, ತಣಿಸುವುದು ಬೇರೆ. ಆಯ್ಕೆ ತಪ್ಪಿದರೆ ರೇಡಿಯೇಟರಿನ ಹಣದ ಜೊತೆಗೆ ಹೆಡ್ ಗ್ಯಾಸ್ಕೆಟ್ಟೂ ಹೋಗುತ್ತದೆ.

ಮೊದಲು ಒಂದು ಲೆಕ್ಕ ಮಾಡೋಣ. 25 ಅಶ್ವಶಕ್ತಿ ಎಂದರೆ ಸುಮಾರು 18.6 ಕಿಲೋವಾಟ್. ಡೀಸೆಲ್ ಉರಿದು ಬರುವ ಶಕ್ತಿಯಲ್ಲಿ ಸುಮಾರು ಮೂರನೆಯ ಒಂದು ಭಾಗ ಮಾತ್ರ ಕೆಲಸವಾಗುತ್ತದೆ. ಉಳಿದದ್ದರಲ್ಲಿ ಹೆಚ್ಚಿನದು ಹೊಗೆಯ ಜೊತೆಗೂ ತಣಿಸುವ ನೀರಿನ ಜೊತೆಗೂ ಹೋಗುತ್ತದೆ. ಪೂರ್ತಿ ಹೊರೆಯಲ್ಲಿ ನೀರಿನ ಪಾಲು 16 ಕಿಲೋವಾಟ್ ಎಂದಿಟ್ಟುಕೊಳ್ಳಿ. ಒಂದು ಕಿಲೋವಾಟಿನ ಹದಿನಾರು ಹೀಟರುಗಳ ಶಾಖ! ರೇಡಿಯೇಟರ್ ಇದನ್ನು ಎಡೆಬಿಡದೆ ಗಾಳಿಗೆ ದಾಟಿಸಬೇಕು. ಹಾದುಹೋಗುವ ಗಾಳಿಯ ತಾಪ 20 ಡಿಗ್ರಿ ಏರುವುದಾದರೆ, ಪ್ರತಿ ಸೆಕೆಂಡಿಗೆ ಮುಕ್ಕಾಲು ಘನಮೀಟರಿನಷ್ಟು ಗಾಳಿ ಬೇಕು. ಉಳುವಾಗ ಟ್ರಾಕ್ಟರಿನ ವೇಗ ಗಂಟೆಗೆ ನಾಲ್ಕೈದು ಕಿಲೋಮೀಟರ್. ರಾಗಿ ಒಕ್ಕುವ ಯಂತ್ರಕ್ಕೆ ಜೋಡಿಸಿದಾಗ ಅದೂ ಇಲ್ಲ. ಅಷ್ಟೂ ಗಾಳಿಯನ್ನು ಫ್ಯಾನೇ ಎಳೆಯಬೇಕು.

(ರೇಡಿಯೇಟರ್ ಎಂಬ ಹೆಸರೇ ದಾರಿ ತಪ್ಪಿಸುವಂಥದು. ಇಲ್ಲಿ ವಿಕಿರಣದ ಪಾತ್ರ ತೀರ ಕಡಿಮೆ. ಶಾಖ ಹೋಗುವುದು ಬಹುಮಟ್ಟಿಗೆ ಗಾಳಿಯ ಸಂವಹನದಿಂದ.)

ನೀರು 90 ಡಿಗ್ರಿ, ಹೊರಗಿನ ಗಾಳಿ 35 ಡಿಗ್ರಿ ಇದ್ದರೆ ತಾಪದ ಅಂತರ 55. ಹೊಸ ಕೋರಿನ ಸಾಮರ್ಥ್ಯ ಹಳೆಯದಕ್ಕಿಂತ ಶೇಕಡ 20 ಕಡಿಮೆ ಇದ್ದರೆ ಏನಾದೀತು? ಅದೇ 16 ಕಿಲೋವಾಟ್ ಹೊರಹೋಗಲು ಅಂತರ 69 ಡಿಗ್ರಿಗೆ ಏರಬೇಕು. ಅಂದರೆ ನೀರು 104ಕ್ಕೆ ಮುಟ್ಟಬೇಕು. ಕಡೂರು ಸೀಮೆ ಸಮುದ್ರಮಟ್ಟದಿಂದ ಏಳುನೂರು ಮೀಟರಿಗಿಂತ ಎತ್ತರದಲ್ಲಿರುವುದರಿಂದ ತೆರೆದ ನೀರು ಇಲ್ಲಿ 97–98ರಲ್ಲೇ ಕುದಿಯುತ್ತದೆ. ಅರ್ಧ ಕಿಲೋ ಒತ್ತಡದ ಮುಚ್ಚಳ ಸರಿಯಾಗಿದ್ದರೆ ಕುದಿಬಿಂದು 110ರ ಹತ್ತಿರಕ್ಕೆ ಹೋಗುತ್ತದೆ. ಮುಚ್ಚಳದ ರಬ್ಬರ್ ಸವೆದಿದ್ದರೆ ಆ ರಕ್ಷಣೆ ಇಲ್ಲ. ಬಿಸಿಯಿರುವಾಗ ಅದನ್ನು ತೆರೆಯಬಾರದು ಎಂಬುದಕ್ಕೂ ಕಾರಣ ಇದೇ: ಒತ್ತಡ ಇಳಿದ ಕೂಡಲೆ ಕಾದ ನೀರು ಭುಗಿಲೆದ್ದು ಕುದಿಯುತ್ತದೆ.

ಆದ್ದರಿಂದ ಅಂಗಡಿಗೆ ಹೋಗುವಾಗ ಅಳತೆಪಟ್ಟಿ ಇರಲಿ. ಚೌಕಟ್ಟಿನ ಅಳತೆ ಸಾಲದು. ಕೋರಿನ ಎತ್ತರ, ಅಗಲ, ದಪ್ಪ, ಕೊಳವೆಗಳ ಸಾಲುಗಳು, ಒಂದು ಅಂಗುಲದಲ್ಲಿರುವ ಫಿನ್ನುಗಳು, ಹೋಸ್ ಪೈಪು ಕೂರುವ ಬಾಯಿಗಳ ವ್ಯಾಸ, ಇಷ್ಟನ್ನೂ ಹಳೆಯದರಿಂದ ಬರೆದುಕೊಳ್ಳಿ. 'ಎರಡು ಸಾಲಿನ ಬದಲು ನಾಲ್ಕು ಸಾಲಿನದು ಹಾಕಿ, ಎರಡರಷ್ಟು ತಣಿಸುತ್ತದೆ' ಎಂದರೆ ನಂಬಬೇಡಿ. ಹಿಂದಿನ ಸಾಲಿಗೆ ಸಿಗುವುದು ಮುಂದಿನ ಸಾಲು ಆಗಲೇ ಬಿಸಿ ಮಾಡಿದ ಗಾಳಿ. ಜೊತೆಗೆ ಗಾಳಿಯ ದಾರಿಗೆ ತಡೆಯೂ ಹೆಚ್ಚುತ್ತದೆ. ಸ್ಥಳವಿದ್ದರೆ ಎದುರಿನ ವಿಸ್ತೀರ್ಣ ಹೆಚ್ಚಿಸುವುದೇ ಲಾಭ. ತೀರ ಒತ್ತಾದ ಫಿನ್ನುಗಳೂ ಬೇಡ. ರಾಗಿ ಹೊಟ್ಟು ಒಂದೇ ದಿನದಲ್ಲಿ ಅವನ್ನು ಮುಚ್ಚೀತು.

ತಾಮ್ರವೋ ಅಲ್ಯೂಮಿನಿಯಮ್ಮೋ? ತಾಮ್ರದ ಉಷ್ಣವಾಹಕತೆ ಸುಮಾರು 400, ಅಲ್ಯೂಮಿನಿಯಮ್ಮಿನದು 235 (ಮೀಟರಿಗೆ, ಡಿಗ್ರಿಗೆ ವಾಟ್). ಇದನ್ನು ನೋಡಿ ತಾಮ್ರವೇ ಗೆದ್ದಿತು ಎನ್ನಬೇಡಿ. ಹಳೆಯ ರೇಡಿಯೇಟರಿನಲ್ಲಿ ಫಿನ್ನು ತಾಮ್ರದ್ದು, ಆದರೆ ಕೊಳವೆ ಹಿತ್ತಾಳೆಯದು. ಹಿತ್ತಾಳೆಯ ವಾಹಕತೆ 110ರ ಆಸುಪಾಸು. ಲೋಹದ ಗೋಡೆ ಎಷ್ಟು ತೆಳುವೆಂದರೆ ಶಾಖಕ್ಕೆ ಅಲ್ಲಿ ತಡೆಯೇ ಇಲ್ಲವೆನ್ನಬಹುದು. ನಿಜವಾದ ತಡೆ ಫಿನ್ನಿನಿಂದ ಗಾಳಿಗೆ ದಾಟುವ ಕಡೆ. ಹಾಗಿದ್ದೂ ನನ್ನ ಮತ ತಾಮ್ರ–ಹಿತ್ತಾಳೆಗೇ. ಕಾರಣ ಭೌತವಿಜ್ಞಾನವಲ್ಲ, ಬೆಸುಗೆ. ಸೋರಿದರೆ ಕಡೂರಿನಲ್ಲೋ ತಿಪಟೂರಿನಲ್ಲೋ ಅರ್ಧ ದಿನದಲ್ಲಿ ಬೆಸೆದುಕೊಡುತ್ತಾರೆ. ಪ್ಲಾಸ್ಟಿಕ್ ಟ್ಯಾಂಕಿನ ಅಲ್ಯೂಮಿನಿಯಮ್ ರೇಡಿಯೇಟರಿಗೆ ಆ ಅನುಕೂಲವಿಲ್ಲ.

ಇನ್ನು ಒಳಗಿನ ಶತ್ರು. ಲೀಟರಿಗೆ 500 ಮಿಲಿಗ್ರಾಂ ಗಡಸುತನದ ಕೊಳವೆಬಾವಿ ನೀರನ್ನು ದಿನಕ್ಕೊಂದು ಲೀಟರ್ ತುಂಬಿಸಿದರೆ, 200 ದಿನಗಳಲ್ಲಿ ಒಳಸೇರುವ ಸುಣ್ಣದ ಲವಣ 100 ಗ್ರಾಂ. ಹಬೆ ಹೋಗುತ್ತದೆ, ಸುಣ್ಣ ಉಳಿಯುತ್ತದೆ. ಚಪ್ಪಟೆ ಕೊಳವೆಯ ಒಳಸೀಳು ಸುಮಾರು 2 ಮಿಲಿಮೀಟರ್ ಇದ್ದರೆ, ಎರಡೂ ಬದಿ ಅರ್ಧರ್ಧ ಮಿಲಿಮೀಟರ್ ಪದರ ಕಟ್ಟಿದಾಗ ದಾರಿ ಅರ್ಧವಾಗುತ್ತದೆ. ಹರಿವು ಅರ್ಧಕ್ಕಿಂತಲೂ ಬಹಳ ಕಡಿಮೆಯಾಗುತ್ತದೆ.

ಹೀಗಾಗಿ ಕೊಳ್ಳುವ ಮುನ್ನ ಹಳೆಯದನ್ನೇ ಪರೀಕ್ಷಿಸಿ. ಫ್ಯಾನ್ ಬೆಲ್ಟ್ ಬಿಗಿಯಾಗಿದೆಯೇ? ಫಿನ್ನುಗಳ ನಡುವೆ ಹೊಟ್ಟು ಸಿಕ್ಕಿದೆಯೇ? ಥರ್ಮೋಸ್ಟಾಟ್ ಇದ್ದರೆ ಬಿಸಿನೀರಿನಲ್ಲಿ ತೆರೆಯುತ್ತದೆಯೇ? ಆಮೇಲೆ ರೇಡಿಯೇಟರನ್ನು ಬಿಚ್ಚಿ ಮೇಲಿನಿಂದ ಒಂದು ಬಕೆಟ್ ನೀರು ಸುರಿಯಿರಿ. ಕೆಳಗಿನ ಬಾಯಿಂದ ಧಾರಾಳವಾಗಿ ಬರಬೇಕು.

ನಮ್ಮ ಬಂಧುವಿನ ರೇಡಿಯೇಟರಿನಲ್ಲಿ ಬಂದದ್ದು ಸಣ್ಣ ಧಾರೆ. ಮೇಲಿನ ಟ್ಯಾಂಕ್ ಬಿಡಿಸಿದಾಗ ಕೊಳವೆಗಳ ಬಾಯಲ್ಲಿ ಬಿಳಿಯ ಹೆಕ್ಕಳೆ ಕಾಣಿಸಿತು. ಹಳೆಯ ಟ್ಯಾಂಕುಗಳನ್ನು ಉಳಿಸಿಕೊಂಡು ಅದೇ ಅಳತೆಯ ಹೊಸ ಕೋರ್ ಬೆಸೆಸಿದೆವು. ಚೌಕಟ್ಟಾಗಲಿ ಹೋಸ್ ಪೈಪಾಗಲಿ ಬದಲಾಯಿಸಬೇಕಾಗಲಿಲ್ಲ. ಮುಚ್ಚಳವನ್ನೂ ಹೊಸದು ಹಾಕಿಸಿದೆವು. ತುಕ್ಕುನಿರೋಧಕ ಸೇರಿದ ಕೂಲಂಟನ್ನು ಮಳೆನೀರಿನಲ್ಲಿ ಬೆರೆಸಿ ತುಂಬಿಸಿದ್ದಾಯಿತು. ಈಗ ಅವರ ಕೊಟ್ಟಿಗೆಯ ಮೂಲೆಯಲ್ಲಿ ಮಾಡಿನಿಂದ ಹಿಡಿದು ಸೋಸಿದ ಮಳೆನೀರಿನ ಎರಡು ಕ್ಯಾನುಗಳಿವೆ. ಅವುಗಳ ಮೇಲೆ ಸುಣ್ಣದಲ್ಲಿ ಬರೆದಿದ್ದಾರೆ: 'ಟ್ರಾಕ್ಟರಿಗೆ ಮಾತ್ರ'.