ಮುಳಬಾಗಿಲಿನ ಸೌಂದರ್ಯ, ‘ದ್ವೀಪ’ದ ದುಡ್ಡು ಮತ್ತು ನಮ್ಮ ಮೊದಲ ವಾರದ ಟಿಕೆಟ್

ಕೋಲಾರ ಜಿಲ್ಲೆ ಅಂದ್ರೆ ಹೊರಗಿನವರಿಗೆ ಈಗ ಮೊದಲು ನೆನಪಾಗೋದು ‘ಕೆಜಿಎಫ್’. 2018ರಲ್ಲಿ ಬಂದ ಆ ಸಿನಿಮಾ ಐದು ಭಾಷೆಗಳಲ್ಲಿ ಓಡಿತು, ನಮ್ಮ ಸೈನೈಡ್ ದಿಬ್ಬಗಳನ್ನು ದೇಶಕ್ಕೆಲ್ಲ ತೋರಿಸಿತು. ಅದು ದೊಡ್ಡ ದುಡ್ಡಿನ ಕತೆ. ಚಿಕ್ಕ ಸಿನಿಮಾದ ಕತೆಯೊಂದಕ್ಕೂ ಇದೇ ಜಿಲ್ಲೆಯ ನಂಟಿದೆ. ವೇಮಗಲ್‌ನಿಂದ ಹೊರಟು ಕೋಲಾರ ದಾಟಿ, ಆಂಧ್ರದ ಗಡಿ ಕಡೆ ಹೋದರೆ ಸಿಗುವ ಮುಳಬಾಗಿಲಿನವರು ನಟಿ ಸೌಂದರ್ಯ.

ನಮ್ಮಲ್ಲಿ ಬಹಳ ಮಂದಿಗೆ ಅವರು ‘ಆಪ್ತಮಿತ್ರ’ದ ನಾಗವಲ್ಲಿ. ಅಮ್ಮಂದಿರಿಗೆ ವೆಂಕಟೇಶ್, ಚಿರಂಜೀವಿ ಜೊತೆಗಿನ ತೆಲುಗು ಸಿನಿಮಾಗಳ ನಾಯಕಿ. ಟೀವಿಯಲ್ಲಿ ಇವತ್ತಿಗೂ ಬರ್ತಾನೇ ಇರುವ ಹಿಂದಿಯ ‘ಸೂರ್ಯವಂಶಂ’ನಲ್ಲಿ ಅಮಿತಾಭ್ ಬಚ್ಚನ್ ಎದುರಿಗಿದ್ದದ್ದೂ ಇವರೇ. ಆದರೆ ಇವರು ನಿರ್ಮಾಪಕಿಯೂ ಆಗಿದ್ದರು ಅನ್ನೋದು ಎಷ್ಟು ಜನಕ್ಕೆ ಗೊತ್ತು?

ಬೇಡಿಕೆಯಲ್ಲಿದ್ದಾಗ ಮಾಡಿದ ಸಿನಿಮಾ

2002ರ ‘ದ್ವೀಪ’ಕ್ಕೆ ದುಡ್ಡು ಹಾಕಿದ್ದು ಸೌಂದರ್ಯ. ನಿರ್ದೇಶನ ಗಿರೀಶ್ ಕಾಸರವಳ್ಳಿ ಅವರದು. ಕತೆ ನಾ. ಡಿಸೋಜ ಅವರ ಕಾದಂಬರಿಯದು. ಡಿಸೋಜ ಲೋಕೋಪಯೋಗಿ ಇಲಾಖೆಯಲ್ಲಿ ಕೆಲಸ ಮಾಡಿದವರು. ಶರಾವತಿಗೆ ಅಣೆಕಟ್ಟು ಕಟ್ಟಿದಾಗ ಊರುಗಳು ಮುಳುಗಿದ್ದನ್ನು ಹತ್ತಿರದಿಂದ ಕಂಡವರು. ಸಿನಿಮಾದಲ್ಲಿ ಮಳೆ ಹಿಡಿಯುತ್ತದೆ, ಹಿನ್ನೀರು ಏರುತ್ತದೆ, ಅಕ್ಕಪಕ್ಕದವರು ಪರಿಹಾರ ತಗೊಂಡು ಹೊರಡುತ್ತಾರೆ. ಒಂದು ಮನೆ ಮಾತ್ರ ಗುಡ್ಡದ ಮೇಲೆ ಉಳಿಯುತ್ತದೆ. ಆ ಮನೆಯ ಸೊಸೆ ನಾಗಿಯಾಗಿ ಸೌಂದರ್ಯ, ಗಂಡನಾಗಿ ಅವಿನಾಶ್, ಮಾವನಾಗಿ ‘ಚೋಮನ ದುಡಿ’ಯ ಎಂ. ವಿ. ವಾಸುದೇವರಾವ್.

ಫೈಟಿಲ್ಲ, ಐಟಂ ಹಾಡಿಲ್ಲ. ವಾಪಸ್ ಬರುತ್ತೆ ಅಂತ ಯಾರೂ ದುಡ್ಡು ಹಾಕದ ಕತೆ. ಸೌಂದರ್ಯ ಹಾಕಿದರು. ಅತ್ಯುತ್ತಮ ಚಿತ್ರ ಅಂತ ‘ದ್ವೀಪ’ಕ್ಕೆ ರಾಷ್ಟ್ರ ಪ್ರಶಸ್ತಿ ಬಂತು. ಛಾಯಾಗ್ರಾಹಕ ಎಚ್. ಎಂ. ರಾಮಚಂದ್ರ ಅವರಿಗೂ ರಾಷ್ಟ್ರ ಪ್ರಶಸ್ತಿ ಬಂತು. ಸೌಂದರ್ಯ ಅವರಿಗೆ ರಾಜ್ಯದ ಅತ್ಯುತ್ತಮ ನಟಿ ಪ್ರಶಸ್ತಿ ಸಿಕ್ಕಿತು. ಎರಡೇ ವರ್ಷಕ್ಕೆ, 2004ರ ಏಪ್ರಿಲ್ 17ರಂದು, ಬೆಂಗಳೂರಿನ ಜಕ್ಕೂರಿನಲ್ಲಿ ವಿಮಾನ ಬಿದ್ದು ಅವರು ತೀರಿಕೊಂಡರು. ‘ಆಪ್ತಮಿತ್ರ’ ತೆರೆಗೆ ಬಂದದ್ದು ಆಮೇಲೆ.

ನಮ್ಮ ಕಡೆ ಮನೆಯಲ್ಲಿ ತೆಲುಗು, ಸ್ಕೂಲಲ್ಲಿ ಕನ್ನಡ ಅನ್ನೋ ಕುಟುಂಬಗಳಿಗೆ ಲೆಕ್ಕವಿಲ್ಲ. ತೆಲುಗು ಸಿನಿಮಾ ನೋಡಿದ್ರೆ ತಪ್ಪಿಲ್ಲ, ಎರಡೂ ನಮ್ಮವೇ. ತೆಲುಗಿನಲ್ಲಿ ಅಷ್ಟು ಬೇಡಿಕೆ ಇದ್ದಾಗಲೂ ಸೌಂದರ್ಯ ಇಂಥ ಸಿನಿಮಾ ಮಾಡೋಕೆ ಕನ್ನಡಕ್ಕೆ ಬಂದರಲ್ಲ, ಆ ಧೈರ್ಯ ದೊಡ್ಡದು.

ಒಬ್ಬರ ಜೇಬಿನಿಂದ ನೂರು ಜನರ ಜೇಬಿಗೆ

ಸ್ಟಾರ್‌ಗಳು ಚಿಕ್ಕ ಸಿನಿಮಾದ ಬೆನ್ನಿಗೆ ನಿಲ್ಲೋದು ಈಗಲೂ ಇದೆ. ನಟೇಶ್ ಹೆಗಡೆ ಅವರ ‘ಪೆದ್ರೊ’, ಜೈಶಂಕರ್ ಆರ್ಯರ್ ಅವರ ‘ಶಿವಮ್ಮ’ ಎರಡಕ್ಕೂ ನಿರ್ಮಾಪಕರು ರಿಷಬ್ ಶೆಟ್ಟಿ. 2022ರಲ್ಲಿ ‘ಶಿವಮ್ಮ’ ದಕ್ಷಿಣ ಕೊರಿಯಾದ ಬೂಸಾನ್ ಚಿತ್ರೋತ್ಸವದಲ್ಲಿ ನ್ಯೂ ಕರೆಂಟ್ಸ್ ಪ್ರಶಸ್ತಿ ಗೆದ್ದಿತು. ಸುಮಂತ್ ಭಟ್ ಅವರ ‘ಮಿಥ್ಯ’ಕ್ಕೆ ರಕ್ಷಿತ್ ಶೆಟ್ಟಿ ನಿಂತರು. ಉತ್ಸವ್ ಗೋನವಾರ ಅವರ ‘ಫೋಟೊ’ವನ್ನು ಜನರ ಮುಂದೆ ತಂದವರು ಪ್ರಕಾಶ್ ರಾಜ್.

ಎಲ್ಲರಿಗೂ ಸ್ಟಾರ್ ಸಿಗಲ್ಲ. ಪವನ್ ಕುಮಾರ್ 2013ರಲ್ಲಿ ‘ಲೂಸಿಯಾ’ ಮಾಡಿದಾಗ ನಿರ್ಮಾಪಕರು ಸಿಗದೆ ನೇರವಾಗಿ ಜನರನ್ನೇ ಕೇಳಿದರು. ನೂರಕ್ಕೂ ಹೆಚ್ಚು ಜನ ದುಡ್ಡು ಹಾಕಿದರು, ಸುಮಾರು ಅರ್ಧ ಕೋಟಿಯಲ್ಲಿ ಸಿನಿಮಾ ಮುಗಿಯಿತು. ಹತ್ತು ವರ್ಷದ ನಂತರ, 2023ರಲ್ಲಿ, ಪೂರ್ಣಚಂದ್ರ ತೇಜಸ್ವಿ ಅವರ ಓದುಗರೇ ಸೇರಿ ದುಡ್ಡು ಹಾಕಿ ‘ಡೇರ್‌ಡೆವಿಲ್ ಮುಸ್ತಾಫಾ’ ಆಯಿತು. ನಿರ್ದೇಶಕ ಶಶಾಂಕ್ ಸೋಗಾಲ್.

ಅಂದ್ರೆ ಸಿನಿಮಾ ಮಾಡೋ ಅರ್ಧ ಕೆಲಸಕ್ಕೆ ಕನ್ನಡಿಗರು ದಾರಿ ಹುಡುಕಿಕೊಂಡಿದ್ದಾರೆ. ಇನ್ನರ್ಧ ತೋರಿಸೋದು. ಚಿಕ್ಕ ಸಿನಿಮಾ ಸೋಲೋದು ಅಲ್ಲಿ.

ನಿಮ್ಮ ಟಿಕೆಟ್ ದುಡ್ಡು ಎಲ್ಲಿ ಹೋಗುತ್ತೆ?

ಮಲ್ಟಿಪ್ಲೆಕ್ಸ್‌ನಲ್ಲಿ ತೆರಿಗೆ ಕಳೆದು 200 ರೂಪಾಯಿ ಉಳಿಯಿತು ಅಂದುಕೊಳ್ಳಿ. ಸಾಮಾನ್ಯವಾಗಿ ಮೊದಲ ವಾರ ಅದರಲ್ಲಿ ಸುಮಾರು ಅರ್ಧ, ಅಂದ್ರೆ 100 ರೂಪಾಯಿ, ಸಿನಿಮಾದವರಿಗೆ. ವಾರ ಕಳೆದಂತೆ ಅವರ ಪಾಲು ಇಳಿಯುತ್ತದೆ. ನಾಲ್ಕನೇ ವಾರಕ್ಕೆ ಅದು 60 ರೂಪಾಯಿ ಹತ್ತಿರ ಬಂದಿರುತ್ತದೆ. ಅದರಲ್ಲೇ ವಿತರಕರ ಕಮಿಷನ್, ಪ್ರಚಾರದ ಖರ್ಚು, ಡಿಜಿಟಲ್ ಪ್ರೊಜೆಕ್ಷನ್‌ಗೆ ಸ್ಕ್ರೀನ್ ಲೆಕ್ಕದಲ್ಲಿ ಕಟ್ಟೋ ಶುಲ್ಕ ಎಲ್ಲ ಕಳೆಯಬೇಕು.

ದೊಡ್ಡ ಸಿನಿಮಾಗೆ ಇದರಿಂದ ತೊಂದರೆ ಕಡಿಮೆ, ಅದು ಮೊದಲ ಮೂರು ದಿನದಲ್ಲೇ ಬಾಚಿಕೊಳ್ಳುತ್ತದೆ. ಚಿಕ್ಕ ಸಿನಿಮಾ ಬಾಯಿಂದ ಬಾಯಿಗೆ ಹರಡಿ ನಿಧಾನಕ್ಕೆ ಏರಬೇಕು. ಅದು ಏರೋ ಹೊತ್ತಿಗೆ ಪಾಲು ಇಳಿದಿರುತ್ತದೆ. ಬಹಳ ಸಲ ಅಲ್ಲಿಗೂ ಹೋಗಲ್ಲ. ಶುಕ್ರವಾರ, ಶನಿವಾರ ಸೀಟು ಖಾಲಿ ಕಂಡರೆ ಸೋಮವಾರ ಶೋ ಕಡಿಮೆ ಮಾಡ್ತಾರೆ. ಉಳಿದದ್ದು ಬೆಳಗ್ಗೆ ಹತ್ತು ಗಂಟೆಯ ಒಂದು ಶೋ. ನರಸಾಪುರ, ವೇಮಗಲ್ ಕೈಗಾರಿಕಾ ಪ್ರದೇಶದಲ್ಲಿ ಶಿಫ್ಟ್ ಮಾಡೋರು ಆ ಹೊತ್ತಿಗೆ ಎಲ್ಲಿ ಹೋಗ್ತಾರೆ?

‘ಓಟಿಟಿಗೆ ಬಂದಾಗ ನೋಡೋಣ ಬಿಡು’ ಅನ್ನೋದು ನಮ್ಮ ಸುಲಭದ ಉತ್ತರ. ಆದರೆ ಥಿಯೇಟರಿನಲ್ಲಿ ಓಡದ ಚಿಕ್ಕ ಕನ್ನಡ ಸಿನಿಮಾವನ್ನು ಓಟಿಟಿ ಕಂಪನಿಗಳು ಕೊಳ್ಳೋದು ಅಪರೂಪ. ರಕ್ಷಿತ್ ಶೆಟ್ಟಿ ಅವರ ಸಂಸ್ಥೆಯ ‘ಏಕಂ’ ವೆಬ್ ಸರಣಿಗೇ ವೇದಿಕೆ ಸಿಗದೆ, 2024ರ ಜುಲೈನಲ್ಲಿ ಅವರು ತಮ್ಮದೇ ವೆಬ್‌ಸೈಟಿನಲ್ಲಿ ಬಿಡುಗಡೆ ಮಾಡಬೇಕಾಯಿತು. ಹೆಸರಿದ್ದವರ ಪಾಡೇ ಇದು, ಇನ್ನು ಹೊಸಬರದು?

ರಾಜ್ಯ ಸರ್ಕಾರದ ಸಹಾಯಧನ ಇದೆ, ನಿಜ. ಆದರೆ ಅದು ಸಿಗೋದು ಸಿನಿಮಾ ಮುಗಿದು, ಆಯ್ಕೆ ಸಮಿತಿ ನೋಡಿ ಒಪ್ಪಿದ ಮೇಲೆ. ಶುಕ್ರವಾರದ ಖಾಲಿ ಸೀಟಿಗೆ ಅದು ಆಗಿಬರಲ್ಲ.

ನಾವೇನು ಮಾಡಬಹುದು?

ಯಾರೂ ಲಕ್ಷಗಟ್ಟಲೆ ಹಾಕಬೇಕಿಲ್ಲ. ತಿಂಗಳಿಗೆ ಒಂದು ಹೊಸಬರ ಕನ್ನಡ ಸಿನಿಮಾ ಅಂತ ಇಟ್ಟುಕೊಳ್ಳಿ. ನೋಡೋದಾದರೆ ಮೊದಲ ವಾರದಲ್ಲೇ ನೋಡಿ, ಸಾಧ್ಯವಾದರೆ ಟಿಕೆಟನ್ನು ಗುರುವಾರವೇ ಬುಕ್ ಮಾಡಿ. ಮುಂಗಡ ಬುಕಿಂಗ್ ನೋಡಿಯೇ ಶೋಗಳ ಹಂಚಿಕೆ ನಡೆಯೋದು. ಹಿಡಿಸಿದರೆ ಆಫೀಸಿನ ವಾಟ್ಸಾಪ್ ಗುಂಪಿಗೆ ಎರಡು ಸಾಲು ಹಾಕಿ. ಹಿಡಿಸದಿದ್ದರೆ ಅದನ್ನೂ ಹೇಳಿ. ಕನ್ನಡ ಸಿನಿಮಾ ಅನ್ನೋ ಕರುಣೆಯಿಂದ ಹೊಗಳಿದರೆ ಮುಂದಿನ ಸಲ ಯಾರೂ ನಿಮ್ಮ ಮಾತು ನಂಬಲ್ಲ.

ಕೋಲಾರದಲ್ಲಿ ಆ ಸಿನಿಮಾ ಹಾಕಿಲ್ಲವಾ? ಹತ್ತಿಪ್ಪತ್ತು ಜನ ಒಟ್ಟಿಗೆ ಬರ್ತೀವಿ ಅಂತ ಥಿಯೇಟರಿನ ಮ್ಯಾನೇಜರ್ ಹತ್ತಿರ ಮಾತಾಡಿ ನೋಡಿ. ಕಂಪನಿ ಬಸ್ಸಲ್ಲಿ ಜೊತೆಗೆ ಬರೋ ಗೆಳೆಯರೇ ಸಾಕು, ಒಂದು ಸಾಲು ತುಂಬುತ್ತೆ.

ಸೌಂದರ್ಯ ಇಡೀ ಸಿನಿಮಾದ ರಿಸ್ಕ್ ಒಬ್ಬರೇ ಹೊತ್ತರು. ನಮ್ಮ ಪಾಲಿಗೆ ಬರೋದು ಎರಡು ಗಂಟೆ ಸಮಯ, ಒಂದು ಟಿಕೆಟ್. ಈ ಶುಕ್ರವಾರ ಆ್ಯಪ್ ತೆರೆದಾಗ ಮೇಲಿನ ದೊಡ್ಡ ಪೋಸ್ಟರ್ ದಾಟಿ ಸ್ವಲ್ಪ ಕೆಳಗೂ ನೋಡಿ.