ಕೊರಗು, ಸೊರಗು ಮತ್ತು ತೂಕದ ಯಂತ್ರ

‘ಕೊರಗಿ ಸೊರಗಿದ’ ಎಂಬ ಮಾತು ನಮ್ಮಲ್ಲಿ ಎಷ್ಟು ಸಹಜವಾಗಿದೆಯೆಂದರೆ, ಮನಸ್ಸಿನ ಬೇಗುದಿಗೂ ದೇಹದ ತೂಕಕ್ಕೂ ಇರುವ ನಂಟನ್ನು ನಮಗೆ ಯಾರೂ ವಿವರಿಸಬೇಕಾಗಿಲ್ಲ. ವೈದ್ಯಶಾಸ್ತ್ರವೂ ಅದನ್ನು ಅಲ್ಲಗಳೆಯುವುದಿಲ್ಲ. ಆತಂಕಗೊಂಡ ಮಿದುಳು ಹೊರಡಿಸುವ ರಾಸಾಯನಿಕ ಸಂಕೇತಗಳು ಹಸಿವನ್ನು ಅಡಗಿಸುತ್ತವೆ. ಜಠರದಿಂದ ಆಹಾರ ಮುಂದೆ ಸಾಗುವುದು ನಿಧಾನವಾಗಿ ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದಂತಾಗುತ್ತದೆ. ದೊಡ್ಡ ಕರುಳು ಮಾತ್ರ ಅವಸರಪಡುತ್ತದೆ. ಇದೇ ಆತಂಕ ಕೆಲವರಲ್ಲಿ ಕಂಡದ್ದನ್ನೆಲ್ಲ ತಿನ್ನಿಸಿ ತೂಕವನ್ನು ಏರಿಸುವುದೂ ಉಂಟು. ಎಲ್ಲರ ದೇಹವೂ ಒಂದೇ ನಿಯಮಾವಳಿಗೆ ಒಳಪಟ್ಟಿಲ್ಲ.

ನನ್ನ ತಕರಾರು ಇರುವುದು ಈ ಮಾತನ್ನು ನಾವು ಬಳಸುವ ಬಗೆಯ ಕುರಿತು. ಮನೆಯ ಹಿರಿಯರೊಬ್ಬರು ಇಳಿದುಹೋದರೆ ‘ಮಗಳ ಮದುವೆಯ ಚಿಂತೆ’, ‘ಮಗ ಅಮೆರಿಕದಲ್ಲಿದ್ದಾನಲ್ಲ, ಅದೇ ಕೊರಗು’ ಎಂದು ಷರಾ ಬರೆದು ಕಡತವನ್ನು ಮುಚ್ಚಿಬಿಡುತ್ತೇವೆ. ಪಥ್ಯ, ವ್ಯಾಯಾಮ ಯಾವುದೂ ಇಲ್ಲದೆ ಆರರಿಂದ ಹನ್ನೆರಡು ತಿಂಗಳೊಳಗೆ ದೇಹತೂಕದ ಶೇ 5ರಷ್ಟು ಕಡಿಮೆಯಾದರೆ ಕಾರಣ ಹುಡುಕಬೇಕೆಂಬುದು ವೈದ್ಯರು ಸಾಮಾನ್ಯವಾಗಿ ಒಪ್ಪುವ ಅಳತೆ. 60 ಕೆ.ಜಿ. ತೂಗುವವರಿಗೆ ಅದು ಕೇವಲ 3 ಕೆ.ಜಿ. ಮಧುಮೇಹ, ಕ್ಯಾನ್ಸರ್, ಖಿನ್ನತೆ ಯಾವುದೂ ಇದರ ಹಿಂದಿರಬಹುದು. ಥೈರಾಯ್ಡ್ ಗ್ರಂಥಿ ಅತಿಯಾಗಿ ಸ್ರವಿಸಿದಾಗಲಂತೂ ಎದೆಬಡಿತ, ಕೈನಡುಕ, ಬೆವರು, ನಿದ್ರಾಹೀನತೆ ಎಲ್ಲವೂ ಆತಂಕದ ವೇಷ ಧರಿಸಿಯೇ ಬರುತ್ತವೆ. ಅದನ್ನು ಪತ್ತೆಹಚ್ಚಲು ರಕ್ತಪರೀಕ್ಷೆ ಸಾಕು. ಇನ್ನು, ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ನಾಲ್ಕನೇ ಒಂದು ಭಾಗ ನಮ್ಮ ದೇಶದಲ್ಲೇ ಇರುವಾಗ, ಕೆಮ್ಮುತ್ತ ತೂಕ ಇಳಿದವರ ಕಫ ಪರೀಕ್ಷಿಸದೆ ಅವರ ಮನಃಶಾಂತಿಗಾಗಿ ಹರಕೆ ಹೊರುವುದು ಅಪರಾಧಕ್ಕೆ ಸಮೀಪದ ಔದಾಸೀನ್ಯ.

ಇದಕ್ಕೆ ವ್ಯತಿರಿಕ್ತವಾದ ತಪ್ಪೂ ಇದೆ. ವಿದ್ಯಾವಂತರಲ್ಲಿ ಅದೇ ಹೆಚ್ಚು. ನನ್ನೊಡನೆ ಸೇವೆಯಲ್ಲಿದ್ದ ಗೆಳೆಯರೊಬ್ಬರ ಮೇಲೆ ನಿವೃತ್ತಿಯ ಹೊತ್ತಿಗೆ ಇಲಾಖಾ ವಿಚಾರಣೆ ಬಾಕಿಯಿತ್ತು. ತಾತ್ಕಾಲಿಕ ಪಿಂಚಣಿ ಬರುತ್ತಿತ್ತು, ಗ್ರಾಚ್ಯುಟಿಯನ್ನು ತಡೆಹಿಡಿಯಲಾಗಿತ್ತು. ಏಳು ತಿಂಗಳಲ್ಲಿ ಅವರು 68 ಕೆ.ಜಿ.ಯಿಂದ 61ಕ್ಕೆ ಇಳಿದರು. ರಕ್ತಪರೀಕ್ಷೆ, ಎಕ್ಸ್‌ರೇ, ಸ್ಕ್ಯಾನಿಂಗ್, ಎಂಡೋಸ್ಕೋಪಿ ಎಲ್ಲವೂ ಆದವು. ವರದಿಗಳೆಲ್ಲ ‘ನಾರ್ಮಲ್’. ‘ನಿಮಗೇನೂ ಇಲ್ಲ’ ಎಂದು ಹೇಳಿ ಬಿಲ್ಲನ್ನು ಕೈಗಿತ್ತರು. ಏನೂ ಇಲ್ಲದ ಆ ಮನುಷ್ಯ ಮುಂದಿನ ತಿಂಗಳು ಮತ್ತೊಂದು ಕೆ.ಜಿ. ಕಳೆದುಕೊಂಡರು. ವೈದ್ಯರು ಏನನ್ನೋ ಮುಚ್ಚಿಡುತ್ತಿದ್ದಾರೆಂಬ ಶಂಕೆ ಬೇರೆ ಸೇರಿಕೊಂಡಿತು. ಬೆಳಿಗ್ಗೆ ಸಂಜೆ ತೂಕದ ಯಂತ್ರದ ಮೇಲೆ ನಿಲ್ಲತೊಡಗಿದರು. ಆತಂಕದಿಂದ ತೂಕ ಇಳಿಯುವುದು, ಇಳಿದ ತೂಕದಿಂದ ಆತಂಕ ಏರುವುದು: ಎಂ.ಎ. ತರಗತಿಯಲ್ಲಿ ನಾವು ಓದಿದ ಬಡತನದ ವಿಷವರ್ತುಲದ ರಚನೆಯೂ ಹೀಗೆಯೇ ಇತ್ತು.

ರಾತ್ರಿ ಮೂರಕ್ಕೆ ಎಚ್ಚರವಾದಾಗ ಏನು ನೆನಪಾಗುತ್ತದೆ ಎಂದು ಅವರನ್ನು ಕೇಳಿದವರು ಬಡಾವಣೆಯ ಹಳೆಯ ವೈದ್ಯರು. ದುಬಾರಿ ಪರೀಕ್ಷೆಗಳ ಪಟ್ಟಿಯಲ್ಲಿ ಆ ಪ್ರಶ್ನೆ ಇರಲಿಲ್ಲ. ದೇಹದ ತನಿಖೆ ಮುಗಿದ ಮೇಲೆ ಮನಸ್ಸಿನದು ಎಂಬ ಕ್ರಮವೇ ಸರಿಯಲ್ಲ. ಎರಡೂ ಮೊದಲ ದಿನದಿಂದಲೇ ಜತೆಜತೆಯಾಗಿ ನಡೆಯಬೇಕು. ಆದರೆ ಮನೋವೈದ್ಯರ ಬಾಗಿಲು ತಟ್ಟಲು ಗೆಳೆಯರಿಗೆ ಇನ್ನೂ ಎರಡು ತಿಂಗಳು ಹಿಡಿಯಿತು. ಸುದ್ದಿ ವಿಚಾರಣಾಧಿಕಾರಿಯ ಕಿವಿಗೆ ಬಿದ್ದರೆ ಎಂಬ ಅಳುಕು! ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ವಿವಿಧ ಮಾನಸಿಕ ತೊಂದರೆಗಳಿಂದ ಬಳಲುವವರಲ್ಲಿ ಶೇ 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆ ದೊರೆತಿರಲಿಲ್ಲ. ಮನೋರೋಗಕ್ಕೂ ದೇಹದ ರೋಗಕ್ಕೂ ಸಮಾನ ವಿಮೆ ಇರಬೇಕೆಂದು 2017ರ ಕಾಯ್ದೆ ಹೇಳಿತು. 2022ರಲ್ಲಿ ಆರಂಭವಾದ ‘ಟೆಲಿ ಮಾನಸ್’ ಸಹಾಯವಾಣಿಯ ಸಂಖ್ಯೆ 14416. ಕರೆ ಉಚಿತ, ಕನ್ನಡದಲ್ಲಿಯೂ ಮಾತನಾಡಬಹುದು. ಅಳುಕನ್ನು ತೆಗೆಯುವ ಕಾಯ್ದೆಯನ್ನು ಯಾವ ಶಾಸನಸಭೆಯೂ ರಚಿಸಲಾರದು.

ಆತಂಕಕ್ಕೆ ಕೊಡುವ ಕೆಲವು ಔಷಧಿಗಳು ಮೊದಲ ವಾರಗಳಲ್ಲಿ ಹಸಿವನ್ನು ಇನ್ನಷ್ಟು ಕುಗ್ಗಿಸಬಲ್ಲವು. ಗೆಳೆಯರಿಗೂ ಹಾಗೆಯೇ ಆಯಿತು. ವೈದ್ಯರು ಮೊದಲೇ ಎಚ್ಚರಿಸಿದ್ದರಿಂದ ಮಾತ್ರೆ ಬಿಡಲಿಲ್ಲ. ಆರು ತಿಂಗಳ ಮೇಲೆ ಈಗ 64 ಕೆ.ಜಿ. ಇದ್ದಾರೆ. ತೂಕದ ಯಂತ್ರವನ್ನು ಅವರ ಪತ್ನಿ ಅಟ್ಟಕ್ಕೆ ಹಾಕಿಸಿದ್ದಾರೆ. ವಿಚಾರಣಾ ವರದಿ ಇನ್ನೂ ಬಂದಿಲ್ಲ.